ಎರಡನೆಯ ವಿಶಲ್

ಎಂಟು ತಿಂಗಳ ಕಾಲ ನಾನು ತಪ್ಪನ್ನೆಲ್ಲ ನನ್ನ ವಿಶಲ್ ತಲೆಗೆ ಕಟ್ಟಿದ್ದೆ.

ನಾನು ಸಿಟಿ ಬಸ್ ಕಂಡಕ್ಟರ್. ಇಪ್ಪತ್ತನಾಲ್ಕು ವರ್ಷದ ಸರ್ವಿಸ್, ಅದರಲ್ಲಿ ಕೊನೆಯ ಹನ್ನೊಂದು ವರ್ಷ ಒಂದೇ ರೂಟ್. ಬ್ಯಾಡರಹಳ್ಳಿಯಿಂದ ಮಾಗಡಿ ರೋಡ್ ಹಿಡಿದು ಮಾರ್ಕೆಟ್‌ಗೆ, ಮಾರ್ಕೆಟ್‌ನಿಂದ ವಾಪಸ್ ಬ್ಯಾಡರಹಳ್ಳಿಗೆ. ಡ್ರೈವರ್ ಕೂಡ ಒಬ್ಬನೇ. ಅವನು ಮುಂದೆ, ನಾನು ಹಿಂದೆ, ನಡುವೆ ಎಂಬತ್ತು ಜನ. ಒಂದು ವಿಶಲ್ ಊದಿದರೆ ಅವನು ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ನಮ್ಮಿಬ್ಬರ ಮಾತುಕತೆ ಹೆಚ್ಚುಕಡಿಮೆ ಇಷ್ಟೇ. ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದು ಕೈಯಲ್ಲಿ ಮೇಲಿನ ಕಂಬಿ, ಆದ್ದರಿಂದ ವಿಶಲ್ ಬಾಯಲ್ಲೇ ಇರುತ್ತಿತ್ತು. ಎಡಗಡೆ ಅದನ್ನು ಕಚ್ಚಿಕೊಂಡು ಬಲಗಡೆಯಿಂದ ಜನರನ್ನು ಬೈಯುವುದು ನನಗೆ ನೀರು ಕುಡಿದಷ್ಟು ಸುಲಭ. 'ಮುಂದಕ್ಕೆ ಹೋಗ್ರೀ, ಒಳಗೆ ಮದುವೆ ಮಾಡೋವಷ್ಟು ಜಾಗ ಇದೆ' ಎಂದು ನಾನು ಕೂಗಿದರೆ ಕಾಮಾಕ್ಷಿಪಾಳ್ಯದ ಸ್ಟಾಪಿನಲ್ಲಿ ನಿಂತವರಿಗೂ ಕೇಳಿಸುತ್ತಿತ್ತು.

ಒಂದು ದಿನ ಕಾಫಿ ಕುಡಿಯುವಾಗ ನಾಲಿಗೆಗೆ ಏನೋ ತಾಗಿತು. ಮೇಲೆ, ಅಂಗುಳದಲ್ಲಿ, ಎಡಗಡೆಯ ಹಿಂದಿನ ಹಲ್ಲುಗಳ ಪಕ್ಕ ಕಡಲೆಕಾಳಿನಷ್ಟು ಒಂದು ಗಂಟು. ನೋವಿಲ್ಲ, ರಕ್ತವಿಲ್ಲ. ಡಿಪೋ ಕ್ಯಾಂಟೀನಿನಲ್ಲಿ ಡ್ರೈವರ್‌ಗೆ ತೋರಿಸಿದೆ. ಅವನು ಮೊಬೈಲ್ ಟಾರ್ಚ್ ಬಿಟ್ಟು ಬಗ್ಗಿ ನೋಡಿದ.

'ಅಯ್ಯೋ, ವಿಶಲ್ ಒತ್ತಿ ಒತ್ತಿ ಕಾಯಿ ಕಟ್ಟಿದೆ ಗುರು. ನೋಡು, ನಂಗೆ ಗೇರ್ ಹಿಡಿದು ಹಿಡಿದು ಅಂಗೈಲಿ ಆಗಿಲ್ವಾ?' ಎಂದು ತನ್ನ ಅಂಗೈ ಬಿಚ್ಚಿ ತೋರಿಸಿದ. 'ವಿಶಲ್ ಚೇಂಜ್ ಮಾಡು, ಸರಿ ಹೋಗುತ್ತೆ.'

ಇದು ನನಗೆ ಬಹಳ ಹಿಡಿಸಿತು. ಸ್ಟೀಲ್ ವಿಶಲ್ ಬಿಟ್ಟು ಪ್ಲಾಸ್ಟಿಕ್‌ನದು ತಂದೆ. ಎಡಗಡೆ ಕಚ್ಚುತ್ತಿದ್ದವನು ಬಲಗಡೆ ಕಚ್ಚಲು ಕಲಿತೆ. ಗಂಟು ಇದ್ದಲ್ಲೇ ಇತ್ತು, ಆದರೆ ನಾನು ಮಾತ್ರ ಪ್ರತಿ ಭಾನುವಾರ ಕನ್ನಡಿ ಮುಂದೆ ನಿಂತು ಸ್ವಲ್ಪ ಇಳಿದಿದೆ ಎಂದುಕೊಳ್ಳುತ್ತಿದ್ದೆ. ವಿಶಲ್ ತುಟಿಯ ತುದಿಯಲ್ಲಿ ಇರುತ್ತದೆ, ಅಷ್ಟು ಒಳಗೆ ಅದು ತಾಗುವುದೇ ಇಲ್ಲ ಎನ್ನುವುದು ಚಿಕ್ಕ ಮಗುವಿಗೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ. ಹೊಳೆಯಲು ನಾನು ಬಿಡಲಿಲ್ಲ ಎಂದರೆ ಹೆಚ್ಚು ಸರಿ. ಹೆದರಿದವನಿಗೆ ಒಂದು ನೆಪ ಸಿಕ್ಕರೆ ಅದನ್ನು ಯಾಕೆ ಪರೀಕ್ಷೆ ಮಾಡುತ್ತಾನೆ?

ಎಂಟನೆಯ ತಿಂಗಳಲ್ಲಿ ಎಡಗೆನ್ನೆ ಜೋಮು ಹಿಡಿಯಿತು. ಶೇವಿಂಗ್ ಮಾಡುವಾಗ ಮೂಗಿನ ಪಕ್ಕ ಬ್ಲೇಡ್ ತಾಗಿ ರಕ್ತ ಬಂದದ್ದು ಕನ್ನಡಿಯಲ್ಲಿ ಕಂಡಿತೇ ಹೊರತು ಉರಿ ಗೊತ್ತಾಗಲಿಲ್ಲ. ಆಗ ವಿಜಯನಗರದ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ತಮಾಷೆ ಮಾಡುತ್ತಾ ಬಾಯಿ ನೋಡಲು ಬಗ್ಗಿದ ಮನುಷ್ಯ ತಲೆ ಎತ್ತುವಾಗ ತಮಾಷೆ ಬಿಟ್ಟಿದ್ದರು. ದೊಡ್ಡ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟರು.

ಅಲ್ಲಿ ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಹೆಂಡತಿಯೂ ಜೊತೆಗಿದ್ದಳು. ಆಪರೇಷನ್ ಮಾಡಬೇಕಾಗಿದ್ದ ಡಾಕ್ಟರ್ ಒಬ್ಬ ಹೆಣ್ಣುಮಗಳು, ಮದುವೆಯಾಗಿ ಕೆಂಗೇರಿಯಲ್ಲಿರುವ ನಮ್ಮ ಮಗಳಿಗಿಂತ ಏಳೆಂಟು ವರ್ಷ ದೊಡ್ಡವರು ಇರಬಹುದು. ಅವರು ಕಾಗದದ ಮೇಲೆ ಬಾಯಿಯ ಚಿತ್ರ ಬರೆದು ವಿವರಿಸಿದರು.

'ಅಂಗುಳದಲ್ಲಿ ಜೊಲ್ಲು ಬರೋ ಸಣ್ಣ ಸಣ್ಣ ಗ್ರಂಥಿಗಳಿರ್ತವೆ ಸಾರ್. ಅದರಲ್ಲಿ ಬಂದಿರೋ ಕ್ಯಾನ್ಸರ್ ಇದು. ಬಹಳ ಅಪರೂಪದ್ದು. ನಿಧಾನಕ್ಕೆ ಬೆಳೆಯುತ್ತೆ. ಆದ್ರೆ ಇದಕ್ಕೊಂದು ಕೆಟ್ಟ ಅಭ್ಯಾಸ, ನರ ಹಿಡ್ಕೊಂಡು ಹೋಗುತ್ತೆ. ನಿಮ್ಮ ಕೆನ್ನೆ ಜೋಮು ಅದಕ್ಕೇ.'

ನಾನು ಕೇಳಿದ ಮೊದಲ ಪ್ರಶ್ನೆ ಬದುಕುತ್ತೇನಾ ಎಂದಲ್ಲ. 'ವಿಶಲ್‌ನಿಂದ ಬಂತಾ ಮೇಡಂ?' ಎಂದು ಕೇಳಿದೆ.

'ವಿಶಲ್‌ಗೂ ಇದಕ್ಕೂ ಸಂಬಂಧ ಇಲ್ಲ,' ಎಂದರು. ಆಮೇಲೆ ಮೆಲ್ಲಗೆ, 'ಸ್ವಲ್ಪ ಬೇಗ ಬಂದಿದ್ರೆ ಚೆನ್ನಾಗಿತ್ತು,' ಎಂದರು.

ಆ ಒಂದು ಮಾತು ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು. ಇವತ್ತಿಗೂ ಎದ್ದಿಲ್ಲ.

ಮುಂದಿನದನ್ನು ಅವರು ಅವಸರವಿಲ್ಲದೆ ಹೇಳಿದರು. ಎಡಗಡೆಯ ಅಂಗುಳ, ಮೇಲಿನ ದವಡೆಯ ಒಂದು ಭಾಗ, ಐದು ಹಲ್ಲು ತೆಗೆಯಬೇಕು. ಬಾಯಿಗೂ ಮೂಗಿಗೂ ನಡುವೆ ತೂತು ಉಳಿಯುತ್ತದೆ. ಕುಡಿದ ನೀರು ಮೂಗಿನಿಂದ ಬರುತ್ತದೆ, ಮಾತೂ ಮೂಗಿನಿಂದ ಹೋಗುತ್ತದೆ. ಆ ತೂತನ್ನು ಮುಚ್ಚಲು ಒಂದು ಪ್ಲೇಟು ಮಾಡಿಕೊಡುತ್ತಾರೆ, ಹಲ್ಲಿನ ಸೆಟ್ಟಿನ ಹಾಗೆ ಹಾಕಿ ತೆಗೆಯುವಂಥದ್ದು. ಅದು ಸರಿಯಾಗಿ ಕೂತರೆ ಮಾತು ಬರುತ್ತದೆ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ, 'ಮುದ್ದೆ ನುಂಗಬಹುದಾ ಮೇಡಂ?' ಡಾಕ್ಟರ್ ಮೊದಲ ಸಲ ನಕ್ಕರು. ಅಗಿಯುವ ಗೋಜಿಲ್ಲದ ಊಟ ಅದೊಂದೇ, ಧಾರಾಳವಾಗಿ ನುಂಗಲಿ ಎಂದರು. ನಾನು ನಗಲಿಲ್ಲ. 'ಸರಿಯಾಗಿ ಕೂತರೆ' ಎಂಬ ಮಾತಿನ ಹತ್ತಿರವೇ ನಾನು ನಿಂತುಬಿಟ್ಟಿದ್ದೆ. ಕೂರದಿದ್ದರೆ? ಕಂಡಕ್ಟರ್‌ಗೆ ಬಾಯಿ ಬಿಟ್ಟರೆ ಇನ್ನೇನಿದೆ?

ಆಪರೇಷನ್‌ಗೆ ಹನ್ನೊಂದು ದಿನ ಇತ್ತು.

ಆ ಹನ್ನೊಂದು ದಿನ ಸಿಕ್ಕಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಗುಟ್ಕಾ ಹಾಕ್ತಿದ್ರಾ? ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಓನರ್ ಕೇಳಿದರು, ಹಾಲಿನವನು ಕೇಳಿದ, ನನ್ನ ಸ್ವಂತ ತಮ್ಮ ಕೇಳಿದ. ಬಾಯಿ ಕ್ಯಾನ್ಸರ್ ಎಂದರೆ ಗುಟ್ಕಾ, ಮುಗಿಯಿತು. ನಾನು ಜೀವಮಾನದಲ್ಲಿ ಎಲೆಅಡಿಕೆ ಸಹ ಮದುವೆ ಮನೆಯಲ್ಲಿ ಬಿಟ್ಟರೆ ಹಾಕಿದವನಲ್ಲ. ಬಸ್ಸಿನ ಕಿಟಕಿಯಿಂದ ಗುಟ್ಕಾ ಉಗಿದವರನ್ನು ಸುಂಕದಕಟ್ಟೆಯ ಬಿಸಿಲಲ್ಲಿ ಇಳಿಸಿ ಹೋದವನು ನಾನು.

ಮೂರನೆಯ ದಿನ ಒಣಗಿದ ಟವೆಲ್ ತರಲು ಟೆರೇಸಿಗೆ ಹೋದೆ. ಒಗೆಯುವ ಕಲ್ಲಿನ ಮುಂದೆ ಹೆಂಡತಿ ನನ್ನ ಖಾಕಿ ಶರ್ಟ್ ಹಿಡಿದುಕೊಂಡು ನಿಂತಿದ್ದಳು. ಜೇಬು ಹೊರಗೆ ತಿರುಗಿಸಿ ಮೂಗಿನ ಹತ್ತಿರ ಹಿಡಿದಿದ್ದಳು. ನನ್ನನ್ನು ಕಂಡು ಶರ್ಟನ್ನು ಬಕೆಟ್ಟಿಗೆ ಹಾಕಿದಳು. ಮುಚ್ಚಿಡುವ ಹೆಂಗಸಲ್ಲ ಅವಳು, ಕೇಳಿಯೇಬಿಟ್ಟಳು.

'ನಿಜ ಹೇಳ್ರೀ. ಡ್ಯೂಟಿನಲ್ಲಿ ಯಾವಾಗ್ಲಾದ್ರೂ ಹಾಕ್ಕೊಳ್ತಿದ್ರಾ? ಹಾಕ್ಕೊಂಡಿದ್ರೂ ನಾನೇನೂ ಅನ್ನಲ್ಲ.'

ನಾನು ಏನೆಂದೆ ಎಂದು ಇಲ್ಲಿ ಬರೆಯುವುದಿಲ್ಲ. ಪಕ್ಕದ ಟೆರೇಸಿನಲ್ಲಿ ಹಪ್ಪಳ ಒಣಗಿಸುತ್ತಿದ್ದ ಆಂಟಿ ಒಳಗೆ ಹೋದರು ಎಂದರೆ ಸಾಕು. ಆಮೇಲೆ ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ತಟ್ಟೆ ಮುಂದೆ ಕೂತರೆ ಬೆರಳು ಸನ್ನೆ, ಕಾಫಿ ಬೇಕಾದರೆ ಲೋಟ ಕುಟ್ಟುವುದು. ಮುಖ ಊದಿಸಿಕೊಂಡು ಕೂರುವುದರಲ್ಲಿ ನಾನು ನಮ್ಮ ವಂಶಕ್ಕೇ ಮೊದಲಿಗ. ಮೂರನೆಯ ದಿನ ಬೆಳಗ್ಗೆ ಹಲ್ಲುಜ್ಜುವಾಗ ಲೆಕ್ಕ ಹಾಕಿದೆ. ಹುಟ್ಟಿದಾಗಿನಿಂದ ಇರುವ ನನ್ನ ದನಿ ಇನ್ನು ಉಳಿದಿರುವುದು ಆರು ದಿನ. ಎರಡು ದಿನ ನಾನೇ ಕೈಯಾರೆ ಹಾಳು ಮಾಡಿದ್ದೆ.

ಅಡುಗೆಮನೆಗೆ ಹೋಗಿ, 'ಏನು ತಿಂಡಿ ಇವತ್ತು?' ಎಂದು ಕೇಳಿದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನಿಂದ ಬರುವ ಕ್ಷಮಾಪಣೆ ಇದೇ. ಅವಳು ಉಪ್ಪಿಟ್ಟು ಎಂದಳು. ಅವಳ ಕಣ್ಣು ಕೆಂಪಾಗಿತ್ತು. ನನ್ನ ಮೇಲೆ ಅನುಮಾನಕ್ಕಿಂತ ಹೆಚ್ಚಾಗಿ ಅವಳಿಗೊಂದು ಕಾರಣ ಬೇಕಾಗಿತ್ತು ಎಂದು ಆಗ ಅರ್ಥವಾಯಿತು. ನನಗೆ ವಿಶಲ್ ಸಿಕ್ಕಿತ್ತು, ಅವಳಿಗೆ ಏನೂ ಸಿಕ್ಕಿರಲಿಲ್ಲ.

ಆಪರೇಷನ್‌ಗೆ ಮುಂಚೆ ಪ್ಲೇಟಿಗೆ ಅಳತೆ ತೆಗೆದುಕೊಂಡರು. ಪ್ಲೇಟು ಮಾಡುವ ಡಾಕ್ಟರು ಬೇರೆ, ಮಾತು ಕಡಿಮೆ, ಬಿಳಿಗೂದಲಿನ ಮನುಷ್ಯ. ಗುಲಾಬಿ ಬಣ್ಣದ ಹಿಟ್ಟನ್ನು ತಟ್ಟೆಯಲ್ಲಿ ತುಂಬಿ ಅಂಗುಳಕ್ಕೆ ಒತ್ತಿ ಹಿಡಿದರು. ಉಸಿರು ಕಟ್ಟಿ, ಕಣ್ಣಲ್ಲಿ ನೀರು ಬಂತು. ತೆಗೆದಾಗ ನನ್ನ ಅಂಗುಳ ಅದರಲ್ಲಿ ಅಚ್ಚಾಗಿತ್ತು, ಗಂಟಿನ ಗುಳಿಯೂ ಇತ್ತು. ಇನ್ನು ನಾಲ್ಕು ದಿನಕ್ಕೆ ಇಲ್ಲವಾಗುವ ನನ್ನ ಮೈಯ ಒಂದು ಭಾಗವನ್ನು ನಾನು ಮೊದಲ ಸಲ ಪೂರ್ತಿಯಾಗಿ ನೋಡಿದೆ.

ಆಪರೇಷನ್ ದಿನ ಟ್ರಾಲಿಯಲ್ಲಿ ತಳ್ಳಿಕೊಂಡು ಹೋಗುವಾಗ ಮೇಲೆ ಲೈಟುಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು. ಧೈರ್ಯ ಎಂಬುದು ಒಂದು ಚೂರೂ ಇರಲಿಲ್ಲ, ಸುಳ್ಳು ಹೇಳುವುದಿಲ್ಲ. ಎದ್ದು ಓಡಿಬಿಡೋಣ ಎನಿಸಿತ್ತು. ಮೈಮೇಲೆ ಹಿಂದೆ ಲಾಡಿ ಕಟ್ಟಿದ ಹಸಿರು ಬಟ್ಟೆ ಇಲ್ಲದಿದ್ದರೆ ಓಡುತ್ತಿದ್ದೆನೇನೋ. ಬಾಗಿಲ ತನಕ ಬಂದ ಹೆಂಡತಿಗೆ ಏನಾದರೂ ಹೇಳಬೇಕಿತ್ತು. ಆರು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತು. 'ಗ್ಯಾಸ್ ಬುಕ್ ಮಾಡು' ಎಂದೆ. ಬಾಗಿಲು ಮುಚ್ಚಿತು. ಮತ್ತಿನ ಇಂಜೆಕ್ಷನ್ ಏರುವ ಮುಂಚೆ ಮನಸ್ಸಿನಲ್ಲೇ ಸ್ಟಾಪ್ ಕೂಗಿದೆ: ಬ್ಯಾಡರಹಳ್ಳಿ, ಅಂಜನಾನಗರ, ಸುಂಕದಕಟ್ಟೆ, ಕೊಟ್ಟಿಗೆಪಾಳ್ಯ. ಮುಂದಿನ ಸ್ಟಾಪ್ ಬರಲಿಲ್ಲ.

ಎಚ್ಚರವಾದಾಗ ಬಾಯಿ ತುಂಬ ಬಟ್ಟೆಯ ಹಾಗೆ ಏನೋ ತುರುಕಿದ್ದರು, ಮೂಗಿನಲ್ಲಿ ಊಟದ ನಳಿಗೆ. ಮುಖದ ಎಡಭಾಗ ನನ್ನದಲ್ಲ ಎನ್ನುವಂತಿತ್ತು. ಐದು ದಿನ ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡಿದೆ. ಆರನೆಯ ದಿನ ತುರುಕಿದ್ದನ್ನೆಲ್ಲ ತೆಗೆದರು. ಬೇಡವೆಂದರೂ ನಾನು ಕನ್ನಡಿ ಕೇಳಿದೆ. ಬಾಯಿ ತೆರೆದು ನೋಡಿದರೆ, ಅಂಗುಳ ಇರಬೇಕಾದ ಕಡೆ ಬರೀ ಕತ್ತಲು. ಕನ್ನಡಿ ವಾಪಸ್ ಕೊಟ್ಟು ಗೋಡೆ ಕಡೆ ತಿರುಗಿ ಮಲಗಿದೆ.

ತಾತ್ಕಾಲಿಕ ಪ್ಲೇಟೊಂದನ್ನು ಹಾಕಿ ಮನೆಗೆ ಕಳಿಸಿದರು. ಅದು ಸಡಿಲ. ಮಾತಾಡಿದರೆ ಅರ್ಧ ಗಾಳಿ ಮೂಗಿನಲ್ಲಿ. ಡಿಪೋದಲ್ಲಿ ಎಲ್ಲರನ್ನೂ ಅಣಕಿಸಿ ನಗಿಸುತ್ತಿದ್ದವನಿಗೆ ತನ್ನ ದನಿಯನ್ನು ಬೇರೆಯವರು ಅಣಕಿಸುವುದು ಕಿವಿಗೇ ಕೇಳಿಸಿದಂತಾಗಿ ನಾನು ಬಾಯಿ ಮುಚ್ಚಿಕೊಂಡೆ. ಮೊದಲ ದಿನವೇ ಹೆಂಡತಿ ಮೊಳೆಗೆ ತೂಗುಹಾಕಿದ್ದ ಹಳೆಯ ಸ್ಟೀಲ್ ವಿಶಲ್ ತಂದು ನನ್ನ ಕೊರಳಿಗೆ ಹಾಕಿದಳು.

'ಏನಾದ್ರೂ ಬೇಕಾದ್ರೆ ಊದಿ, ನಾನು ಒಳಗಡೆ ಇರ್ತೀನಿ.'

ಅವಳಿಗೆ ಇದು ಒಳ್ಳೆಯ ಉಪಾಯ ಎನಿಸಿತ್ತು, ಪಾಪ. ನಾನು ಊದಿದೆ. ಪುಸ್ಸೆಂದು ಗಾಳಿ ಮೂಗಿನಿಂದ ಹೋಯಿತು. ಮೂಗು ಹಿಡಿದುಕೊಂಡು ಊದಲು ಹೋದರೆ ಒಳಗಿನ ಗಾಯ ಉರಿದು ಕಣ್ಣು ಕತ್ತಲೆ ಬಂತು. ವಿಶಲ್ ಒಳಗಿನ ಗುಂಡು ಅಲುಗಾಡಲೂ ಇಲ್ಲ. ಇಪ್ಪತ್ತನಾಲ್ಕು ವರ್ಷ ಊದಿದ್ದು. ಆಸ್ಪತ್ರೆಯಲ್ಲಿ ಅಳದಿದ್ದವನು ಅವತ್ತು ಅತ್ತೆ, ಅಳುವೂ ಮೂಗಿನಿಂದಲೇ ಬಂತು. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಈ ಮನೆಯಲ್ಲಿ ವಿಶಲ್ ಹೊಡೆಯುವ ಯೋಗ್ಯತೆ ಇನ್ನು ಅದೊಂದಕ್ಕೇ ಎಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ. ಅವಳು ಓದಿ ನಗಲೂ ಇಲ್ಲ, ಅಳಲೂ ಇಲ್ಲ, ದೇವರ ಗೂಡಿನಿಂದ ಗಂಟೆ ತಂದು ಮಂಚದ ಪಕ್ಕ ಇಟ್ಟಳು. ಬೆಳಗ್ಗೆ ಪೂಜೆ ಹೊತ್ತಿಗೆ ದೇವರಿಗೆ, ಉಳಿದ ಹೊತ್ತು ನನಗೆ.

ಒಂದು ಸಂಜೆ ಡ್ರೈವರ್ ನಾಲ್ಕು ಎಳನೀರು ಹಿಡಿದುಕೊಂಡು ಬಂದ. ನಾನು ತಲೆ ಆಡಿಸಿ ಕೂರು ಎಂದೆ. ಕೂತ. ನನ್ನ ಮುಖದ ಗುಳಿ ನೋಡಿದ, ಕೆಳಗೆ ನೋಡಿದ. 'ನಾನೇ ಅಲ್ವಾ ಗುರು ಕಾಯಿ ಕಟ್ಟಿದೆ ಅಂತ ಹೇಳಿದ್ದು,' ಎಂದು ದೊಡ್ಡ ಗಂಡಸು ಬಿಕ್ಕಿಬಿಕ್ಕಿ ಅಳತೊಡಗಿದ. ನೋಟ್‌ಬುಕ್ ದೂರದಲ್ಲಿತ್ತು. ಎದ್ದು ಹೋಗಿ ತಂದು, ಬರೆದು ತೋರಿಸುವಷ್ಟು ಹೊತ್ತು ಅವನನ್ನು ಹಾಗೆ ಬಿಡಲಾಗಲಿಲ್ಲ. ಬಾಯಿ ಬಿಟ್ಟೆ. 'ನೀನೇನು ಡಾಕ್ಟರಾ? ನಾನೇ ಹೋಗ್ಬೇಕಿತ್ತು, ಬಿಡು,' ಎಂದೆ. ಅವನಿಗೆ ಒಂದಕ್ಷರ ತಿಳಿಯಲಿಲ್ಲ, ಗಾಬರಿಯಿಂದ ನನ್ನನ್ನೇ ನೋಡಿದ. ಅಡುಗೆಮನೆಯಿಂದ ಹೆಂಡತಿ ಹೊರಗೂ ಬರದೆ ಹೇಳಿದಳು, 'ನಿಮ್ಮ ತಪ್ಪಲ್ವಂತೆ ಅಣ್ಣ, ಅವ್ರೇ ಹೋಗ್ಬೇಕಿತ್ತಂತೆ.' ಅವಳಿಗೆ ಎಲ್ಲವೂ ತಿಳಿದಿತ್ತು. ಅವತ್ತಿನಿಂದ ನಾನು ಅವಳ ಜೊತೆ ಮಾತ್ರ ಮಾತಾಡಲು ಶುರುಮಾಡಿದೆ.

ತೆಗೆದ ಭಾಗದ ರಿಪೋರ್ಟ್ ಬಂತು. ಎಲ್ಲ ಅಂಚೂ ಸರಿಯಿದೆ, ಒಂದು ಕಡೆ ಮಾತ್ರ ನರದ ಹತ್ತಿರ ಸಂಶಯ ಎಂದರು ಆಪರೇಷನ್ ಮಾಡಿದ ಡಾಕ್ಟರ್. ನರದ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ, ಹೆಂಡತಿ ಅದನ್ನು ಅವರಿಗೆ ಹೇಳಿದಳು. ಡಾಕ್ಟರ್ ಪೆನ್ನಿನಿಂದ ತಮ್ಮ ಕೆನ್ನೆಯ ಮೇಲಿಂದ ಮೇಲಕ್ಕೆ ಗೆರೆ ಎಳೆದು ತೋರಿಸಿದರು, ತಲೆಯ ಒಳಗೆ. ಆರು ವಾರ ಕರೆಂಟ್ ಕೊಡಬೇಕೆಂದರು. ಮುಖಕ್ಕೆ ಬಲೆಯಂಥ ಮುಖವಾಡ ಹಾಕಿ ಮೇಜಿಗೆ ಬಿಗಿದು ರೇಡಿಯೇಷನ್ ಕೊಡುವುದಕ್ಕೆ ನಮ್ಮ ಕಡೆ ಕರೆಂಟ್ ಎನ್ನುತ್ತಾರೆ. ಮೆಟ್ರೋದಲ್ಲಿ ದಿನಾ ಹೋಗಿಬಂದೆವು. ಅಲ್ಲಿ ಯಾವುದೋ ಹೆಣ್ಣುದನಿ ಪ್ರತಿ ಸ್ಟೇಷನ್ ಹೆಸರನ್ನು ತಪ್ಪಿಲ್ಲದೆ, ಸುಸ್ತಿಲ್ಲದೆ ಹೇಳುತ್ತಿತ್ತು. ಅದನ್ನು ಕಂಡರೆ ನನಗೆ ಹೊಟ್ಟೆಯುರಿ. ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು, ಮುದ್ದೆ ಕೂಡ ಗಂಟಲಲ್ಲಿ ನಿಲ್ಲುತ್ತಿತ್ತು. ಹೆಂಡತಿ ಸಾರನ್ನು ನೀರು ಮಾಡಿ, ಮುದ್ದೆಯನ್ನು ಅಂಬಲಿ ಮಾಡಿ, ಕೊನೆಗೆ ಅಂಬಲಿಯನ್ನೂ ಸೋಸಿ ಕೊಟ್ಟಳು.

ಅದೆಲ್ಲ ಮುಗಿದು ಗಾಯ ಗಟ್ಟಿಯಾದ ಮೇಲೆ ಬಿಳಿಗೂದಲಿನ ಡಾಕ್ಟರು ಕೊನೆಯ ಪ್ಲೇಟು ಕೂರಿಸಿದರು. ಐದು ಬಾರಿ ಹಾಕಿ, ತೆಗೆದು, ಉಜ್ಜಿ, ಮತ್ತೆ ಹಾಕಿದರು. ಗಾಳಿ ಸೋರುತ್ತದೋ ನೋಡಬೇಕು, ಮೇಣದಬತ್ತಿ ಆರಿಸುವ ಹಾಗೆ ಊದಿ ಎಂದರು. ನಾನು ಜೇಬಿನಿಂದ ವಿಶಲ್ ತೆಗೆದೆ. ತರುವ ಧೈರ್ಯ ಇತ್ತು, ಊದುವ ಧೈರ್ಯ ಇರಲಿಲ್ಲ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಕಣ್ಣು ಮುಚ್ಚಿ ಊದಿದೆ. ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅಭ್ಯಾಸಬಲ, ಕೇಳದೆಯೇ ಎರಡನೆಯದನ್ನೂ ಊದಿಬಿಟ್ಟೆ.

'ಇದು ಒಳ್ಳೆ ಪರೀಕ್ಷೆ,' ಎಂದರು ಡಾಕ್ಟರು. ಆಮೇಲೆ ಗಂಭೀರವಾಗಿ, 'ಇದ್ದಕ್ಕಿದ್ದ ಹಾಗೆ ಗಾಳಿ ಸೋರೋಕೆ ಶುರುವಾದ್ರೆ ತಡ ಮಾಡ್ಬೇಡಿ, ಬಂದ್ಬಿಡಿ. ಒಳಗಿನ ಮಾಂಸ ಇಳಿದಿರಬಹುದು. ಇಲ್ಲಾ ಬೇರೆ ಏನಾದ್ರೂ ಇರಬಹುದು,' ಎಂದರು. ಬೇರೆ ಏನು ಎಂದು ನಾವಿಬ್ಬರೂ ಕೇಳಲಿಲ್ಲ.

ಈಗ ಡಿಪೋದಲ್ಲಿ ಕುರ್ಚಿ ಮೇಲೆ ಕೂರುವ ಕೆಲಸ ಕೊಟ್ಟಿದ್ದಾರೆ. ನನ್ನ ಮಾತು ಮೂರು ಪಾಲು ವಾಪಸ್ ಬಂದಿದೆ, ಬೈಗುಳ ನಾಲ್ಕು ಪಾಲೂ ಬಂದಿದೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಅದರ ಹಿಂದಿನ ವಾರ ನಾನು ಯಾರಿಗೂ ಬೇಡವಾದ ಮನುಷ್ಯ, ಹೆಂಡತಿಗೆ ಮಾತ್ರ ಬೇರೆ ದಾರಿಯಿಲ್ಲ. ರಾತ್ರಿ ಪ್ಲೇಟು ಡಬ್ಬಿಯ ನೀರಿನಲ್ಲಿರುತ್ತದೆ. ಬೆಳಗ್ಗೆ ಬಚ್ಚಲಮನೆಯಲ್ಲಿ ಅದನ್ನು ತೊಳೆದು, ಹಾಕಿಕೊಂಡು, ಎರಡು ವಿಶಲ್ ಊದುತ್ತೇನೆ. ಎಂಟು ತಿಂಗಳು ಯಾವುದನ್ನು ದೂರಿದೆನೋ ಅದನ್ನೇ ಈಗ ದಿನಾ ಕೇಳಬೇಕಾಗಿದೆ, ಇವತ್ತು ಸೋರುತ್ತಿಲ್ಲ ತಾನೇ ಎಂದು. ಊದುವ ಮುಂಚಿನ ಆ ಒಂದು ಗಳಿಗೆ ದಿನಾ ಜೀವ ಬಾಯಿಗೆ ಬರುತ್ತದೆ. ಇದು ನನ್ನೊಬ್ಬನ ಗುಟ್ಟಿನ ಭಯ ಎಂದುಕೊಂಡಿದ್ದೆ. ಒಂದು ಭಾನುವಾರ ತಡವಾಗಿ ಎದ್ದು, ಕಾಫಿ ಯಾಕೆ ಇನ್ನೂ ಆಗಿಲ್ಲ ಎಂದು ಬಚ್ಚಲಮನೆಗೆ ಹೋಗುವ ಮುಂಚೆಯೇ ಗೊಣಗಿದೆ. 'ನೀವಿನ್ನೂ ವಿಶಲ್ ಹೊಡೆದಿಲ್ವಲ್ಲ,' ಎಂದಳು ಹೆಂಡತಿ, ದಿನಾ ಆಡುವ ಮಾತಿನಷ್ಟು ಸಲೀಸಾಗಿ. ಪಾತ್ರೆಯಲ್ಲಿ ಹಾಲು ಸುಮ್ಮನೆ ಕೂತಿತ್ತು, ಗ್ಯಾಸ್ ಹಚ್ಚಿರಲಿಲ್ಲ.

ಹೋದ ವಾರ ಬೆಳಗ್ಗೆ ಪ್ಲೇಟು ಹಾಕಿಕೊಂಡು ಒಂದು ಊದಿದೆ. ಎರಡನೆಯದಕ್ಕೆ ಉಸಿರೆಳೆದಾಗ ಕೆಮ್ಮು ಬಂದು ಪ್ಲೇಟು ಜಾರಿತು. ಊದಿದರೆ ಪುಸ್ಸೆಂದು ಮೂಗಿನಲ್ಲಿ ಹೋಯಿತು. ಪ್ಲೇಟು ಜಾರಿದ್ದಷ್ಟೇ ಎಂದು ತಲೆಗೆ ಗೊತ್ತಿತ್ತು, ಮೈ ಆಗಲೇ ಬೆವರಿತ್ತು. ಅಷ್ಟರಲ್ಲಿ ಬಾಗಿಲು ದಡಾರೆಂದು ತೆರೆಯಿತು. ಹೆಂಡತಿ ನಿಂತಿದ್ದಳು, ಒದ್ದೆ ಕೈ, ಮುಖದಲ್ಲಿ ರಕ್ತವಿಲ್ಲ. ಆಸ್ಪತ್ರೆಯಲ್ಲಾಗಲಿ, ರಿಪೋರ್ಟ್ ಬಂದ ದಿನವಾಗಲಿ ಅವಳ ಮುಖ ಹೀಗಾದದ್ದನ್ನು ನಾನು ನೋಡಿರಲಿಲ್ಲ. ನನಗೆ ತೋರಿಸದೆ ಎಲ್ಲಿ ಇಟ್ಟುಕೊಂಡಿದ್ದಳೋ ಅಷ್ಟನ್ನೂ.

'ಏನಿಲ್ಲ ಕಣೇ, ಪ್ಲೇಟು ಜಾರ್ತು ಅಷ್ಟೇ,' ಎಂದೆ, ಮೂಗಿನಿಂದಲೇ.

'ಮಾತು ಆಮೇಲೆ,' ಎಂದಳು. 'ಇನ್ನೊಂದು ಹೊಡೀರಿ ಮೊದ್ಲು.'

ಹೆಬ್ಬೆರಳಿನಿಂದ ಪ್ಲೇಟನ್ನು ಒತ್ತಿ ಕೂರಿಸಿದೆ. ಅವಳ ಮುಖವನ್ನೇ ನೋಡುತ್ತಾ ಊದಿದೆ. ಬಂತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಗ್ಯಾಸ್ ಹಚ್ಚಿದಳು.